ಭಾಮೈದ ತಂದ ಟಿಕೆಟ್

ಸಂಕ್ರಾಂತಿಗೆ ಭಾಮೈದ ಲಕ್ಷ್ಮೀಪತಿಯನ್ನು ಬಲವಂತವಾಗಿ ಒಂದು ತಮಿಳು ಸಿನಿಮಾಕ್ಕೆ ಎಳೆದುಕೊಂಡು ಹೋಗಿದ್ದವನು ಚೌಡಪ್ಪನೇ. ಟ್ರೇಲರ್ ನೋಡಿಯೇ ಕುಣಿದಾಡಿದ್ದ. ಸಿನಿಮಾ ಮಾತ್ರ ಪೂರಾ ತೋಪು. ಆ ಸಿಟ್ಟಿಗೆ ಲಕ್ಷ್ಮೀಪತಿ ಯುಗಾದಿವರೆಗೂ ಭಾವನ ಜೊತೆ ಮಾತು ಬಿಟ್ಟಿದ್ದ.

ಅಂಥವನು ಇವತ್ತು ಮಧ್ಯಾಹ್ನ ಎರಡು ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹೊಸ ತಮಿಳು ಪಿಚ್ಚರ್ ಭಾವ. ಊರೆಲ್ಲ ಅದರದ್ದೇ ಮಾತು. ಹಳೇದೆಲ್ಲ ಮರೆತುಬಿಡೋಣ, ನಡೀರಿ."

ಚೌಡಪ್ಪನ ಕಣ್ಣು ತುಂಬಿ ಬಂತು. "ನನ್ನ ತಮ್ಮನ ಮನಸ್ಸು ಅಪ್ಪಟ ಚಿನ್ನ ಕಣ್ರೀ" ಎಂದಳು ಹೆಂಡತಿ.

ಹೀರೋ ತೆರೆಗೆ ಬರಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಫೈಟು, ಫ್ಲ್ಯಾಶ್‌ಬ್ಯಾಕು, ಆ ಫ್ಲ್ಯಾಶ್‌ಬ್ಯಾಕಿನೊಳಗೆ ಇನ್ನೊಂದು ಫೈಟು. ಚೌಡಪ್ಪನಿಗೆ ತಲೆ ಸಿಡಿಯತೊಡಗಿತು. ಪಕ್ಕಕ್ಕೆ ತಿರುಗಿದಾಗಲೆಲ್ಲ ಲಕ್ಷ್ಮೀಪತಿ ತೆರೆ ಬಿಟ್ಟು ಇವನ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ ಭಾವ?"

ಅಷ್ಟು ಪ್ರೀತಿಯಿಂದ ಕರೆತಂದವನ ಮನಸ್ಸು ನೋಯಿಸುವುದು ಹೇಗೆ? "ಸೂಪರ್ ಕಣೋ!" ಅಂದುಬಿಟ್ಟ.

ಇಂಟರ್ವಲ್‌ನಲ್ಲಿ ಮೆಲ್ಲಗೆ ಜಾರಿಕೊಳ್ಳೋಣವೆಂದರೆ ಲಕ್ಷ್ಮೀಪತಿ ಬೋಂಡಾ ಕೊಡಿಸಿ, "ಸೆಕೆಂಡ್ ಹಾಫ್ ಇನ್ನೂ ಜೋರಂತೆ ಭಾವ" ಎಂದು ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದ.

ಅಂತೂ ಇಂತೂ ಸಿನಿಮಾ ಮುಗಿದು ಹೊರಬಂದಾಗ, ಗೇಟಿನಲ್ಲಿ ಟಿಕೆಟ್ ಹರಿಯುವವನು ಲಕ್ಷ್ಮೀಪತಿಯನ್ನು ನೋಡಿ ಹಲ್ಲು ಕಿರಿದ:

"ನಿನ್ನೆ ಇಂಟರ್ವಲ್‌ಗೇ ಬೈಕೊಂಡು ಎದ್ದು ಹೋದ್ರಲ್ಲ ಸಾರ್, ಹೇಳಿದ ಹಾಗೇ ಭಾವನ್ನ ಕರ್ಕೊಂಡು ಬಂದೇಬಿಟ್ರಾ!"