ಮೂವತ್ತೇಳರಲ್ಲಿ ಮೊದಲು ಯಾವುದು?

ಹೇಝಲ್ ಮೆಟ್ಟಿಲ ಮಧ್ಯದಲ್ಲಿದ್ದಾಗ ಮತ್ತೆ ಆ ನಗು ಕೇಳಿಸಿತು. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೇಲೆ ಬಂದಳು. ಕೋಣೆಯ ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಒಳಗೆ ಗಂಡ ಡೆಸ್ಮಂಡ್ ಪುಸ್ತಕವೊಂದನ್ನು ಮುಖದೆದುರು ಹಿಡಿದು ಗಹಗಹಿಸುತ್ತಿದ್ದ.

ಅವಳು ದಾಟಿ ಹೋದಳು. ನಗು ನಿಂತಿತು.

ರೈಲ್ವೆಯಿಂದ ನಿವೃತ್ತನಾದ ಮೇಲೆ ಒಂದು ವರ್ಷದಿಂದ ಹೀಗೆಯೇ. ಊಟದ ಮೇಜಿನಲ್ಲಿ ಮಳೆಯ ವಿಷಯ ಬಿಟ್ಟರೆ ಮಾತಿಲ್ಲ. ನಗುವೆಲ್ಲ ಮಹಡಿಯ ಮೇಲೆ, ಪಿಂಚಣಿ ಕೇಳುವ ಮಾಟಗಾತಿಯರು, ಎತ್ತರಕ್ಕೆ ಹೆದರುವ ಡ್ರ್ಯಾಗನ್‌ಗಳು ತುಂಬಿದ ಹಾಸ್ಯ ಕಾದಂಬರಿ ಸರಣಿಯೊಂದರ ಮೂವತ್ತೇಳು ಸಂಪುಟಗಳ ಜೊತೆ. ಮಾಟಗಾತಿಯರ ಮೇಲೆ ಹೊಟ್ಟೆಕಿಚ್ಚುಪಡುವ ವಯಸ್ಸೇ ಇದು? ಆದರೂ ಆ ಲೋಕದೊಳಗೆ ಹೋಗುವ ದಾರಿ ಸಿಗದಿದ್ದರೆ ಈ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಉಳಿಯುತ್ತಾರೆ, ಅಷ್ಟೆ ಅನ್ನಿಸುತ್ತಿತ್ತು ಅವಳಿಗೆ.

ಪುಸ್ತಕದಂಗಡಿಯ ಬ್ರಿಜೆಟ್ ಹಳೆಯ ಗೆಳತಿ. ಹೇಝಲ್ ಅವಳ ಬಳಿ ಹೋಗಿ ಆ ಸರಣಿ ಕೇಳಿದಳು.

"ಎಲ್ಲಿಂದ ಶುರು ಮಾಡ್ಲೇ?"

"ಮೊದಲನೇದು ಮಾತ್ರ ಬೇಡ ಕಣೆ. ಅದು ಬರೆದೋನಿಗೇ ಇಷ್ಟ ಇಲ್ಲ. ನಾಲ್ಕನೇದು ತಗೋ."

"ಛೆ, ಯಾರು ಹೇಳಿದ್ದು? ಹನ್ನೊಂದು!" ಎಂದರು ಕಪಾಟಿನ ಬಳಿಯಿದ್ದ ಪಾದ್ರಿ.

"ಬೈಬಲ್ಲನ್ನೂ ನಡುವಿಂದಾನೇ ಓದ್ತೀರಾ ಫಾದರ್?" ಎಂದಳು ಬ್ರಿಜೆಟ್.

"ಮಜಾ ಇರೋದೇ ಅಲ್ಲಮ್ಮ."

ಎರಡನ್ನೂ ಕೊಂಡಳು. ಸ್ನಾನದ ಮನೆಯ ಚಿಲಕ ಹಾಕಿಕೊಂಡು ನಾಲ್ಕನೆಯದನ್ನು ಓದಿದಳು. ತುಟಿ ಅಲುಗಲಿಲ್ಲ. ಹನ್ನೊಂದನೆಯದನ್ನು ಓದಿದಳು. ಆಕಳಿಕೆ ಬಂತು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಯಾವುದಕ್ಕೆ ನಗು ಬರುತ್ತದೆ ಎನ್ನುವುದೂ ತನಗೆ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು, ಪುಸ್ತಕ ತೆರೆದು, ಜೋರಾಗಿ ನಕ್ಕಳು. ಸುಳ್ಳು ನಗು. ಅವನಿಗೆ ಕೇಳಿಸಲಿ ಎಂದೇ. ಇನ್ನೊಮ್ಮೆ ನಕ್ಕಳು, ಇನ್ನೂ ಜೋರಾಗಿ.

ಮೇಲೆ ಕುರ್ಚಿ ಸರಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ಡೆಸ್ಮಂಡ್ ಬಾಗಿಲಲ್ಲಿ ಬಂದು ನಿಂತ.

"ಎಷ್ಟನೇದು?"

"ಹನ್ನೊಂದು."

"ಅದರಲ್ಲಿ ನಗು ಬರೋದು ಎಲ್ಲಿದೆ?"

"ನನ್ನನ್ನ ಕೇಳ್ತೀಯಾ?" ಅವಳ ದನಿ ಗಡುಸಾಯಿತು. "ವರ್ಷದಿಂದ ನಗ್ತಾ ಇರೋನು ನೀನು."

ಅವನು ಎದುರಿನ ಕುರ್ಚಿ ಎಳೆದು ಕೂತ. ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ಮೂವತ್ತೇಳರಲ್ಲಿ ಒಂದು ಕಡೆನೂ ನಂಗೆ ನಗು ಬಂದಿಲ್ಲ ಹೇಝಲ್. ನೀನು ಮೆಟ್ಟಿಲು ಹತ್ತೋದು ಕೇಳಿಸಿದಾಗಷ್ಟೇ ನಗ್ತಿದ್ದೆ. ಏನದು ಅಂತ ಒಂದ್ಸಲ ಒಳಗೆ ಬಂದು ಕೇಳ್ತೀಯೇನೋ ಅಂತ."