ಹನ್ನೆರಡನೆಯ ಸಾಲು

ಸುಮನಾಗೆ ಗೊತ್ತಿದ್ದಂತೆ ಕುದುರಿದ ಸಂಬಂಧ ಹನ್ನೊಂದು; ಪಟ್ಟಿಯಲ್ಲಿ ಹನ್ನೊಂದು ಸಾಲು ಬದಲಾಗಬೇಕಿತ್ತು. ಕಂಪ್ಯೂಟರ್ ಹನ್ನೆರಡು ಎಂದಿತು. ಕಡೂರಿನ ವಧೂವರರ ಕೇಂದ್ರದಲ್ಲಿ ಕೆಲಸಕ್ಕಿದ್ದ ಸುಮನಾ, ಹುಡುಗಿಯರ ಪಟ್ಟಿಗೆ ಸಂಬಂಧ ಕುದುರಿದವರ ಪಟ್ಟಿಯನ್ನು ನೋಂದಣಿ ಸಂಖ್ಯೆಯಿಂದ ಜೋಡಿಸಿ, ಸಿಕ್ಕವರೆಲ್ಲರ ಮುಂದೆ 'ನಿಶ್ಚಯ' ಎಂದು ಒಂದೇ ಸಲಕ್ಕೆ ತುಂಬಿಸಿದ್ದಳು. ಹೆಚ್ಚಾದ ಸಾಲನ್ನು ಹುಡುಕಿದಳು. ಅಪ್ಪನ ಒತ್ತಾಯಕ್ಕೆ ನೋಂದಾಯಿಸಿದ್ದ ಅವಳದೇ ಹೆಸರು.

"ಸಿದ್ದಲಿಂಗೇಶಣ್ಣ, ಇಲ್ಲೇನೋ ತಪ್ಪಾಗಿದೆ."

ಕೇಂದ್ರದ ಮಾಲೀಕ ತಲೆಯೆತ್ತಲಿಲ್ಲ. "ತಪ್ಪಲ್ಲ ಕಣಮ್ಮ. ನಿಮ್ಮಪ್ಪ ಬೆಳಿಗ್ಗೆ ಬಂದು ಸಿಂಗಟಗೆರೆ ಹುಡುಗನ ಕಡೆಯೋರ್ಗೆ ಮಾತು ಕೊಟ್ಟು ಹೋದ್ರು. ನಿಂಗೆ ಹೇಳ್ಲಿಲ್ವಾ?"

ಸುಮನಾ ಬದಲಾವಣೆಯನ್ನು ರದ್ದು ಮಾಡಿದಳು. ಹನ್ನೆರಡೂ ಸಾಲು ಮೊದಲಿನಂತಾದವು. ತನ್ನ ಸಂಖ್ಯೆಯೊಂದನ್ನು ಬಿಟ್ಟು ಮತ್ತೆ ತುಂಬಿಸಿದಳು. ಹನ್ನೊಂದು. ಉಸಿರು ಬಿಟ್ಟಳು.

ಮೇಜಿನ ಮೇಲೆ ಮೊಬೈಲ್ ಅದುರಿತು. ಗೊತ್ತಿಲ್ಲದ ನಂಬರು: "ನಿಮ್ಮ ಬಳೆ ಅಳತೆ ಎಷ್ಟು? ನಮ್ಮಮ್ಮ ಅಂಗಡೀಲಿ ಕಾಯ್ತಿದ್ದಾರೆ."