ಸೆರಗಿಗೆ ಅಂಟಿದ ಸದ್ದು

ಸದ್ದುಗಳು ಸಾಯದೆ ಧೂಳಿನಂತೆ ಮೂಲೆ ಸೇರತೊಡಗಿದ ಮೇಲೆ, ಖಾಲಿಯಾದ ಬಾಡಿಗೆ ಮನೆಗಳನ್ನು ಗುಡಿಸುವುದೇ ಫಕೀರವ್ವನ ಕೆಲಸವಾಗಿತ್ತು. ಇವತ್ತಿನ ಮನೆಯಲ್ಲಂತೂ ಅಡುಗೆಕೋಣೆ ತುಂಬ ಕುಕ್ಕರಿನ ಸೀಟಿ, ಮಂಚದ ಕೆಳಗೆ ಗಂಡ ಹೆಂಡಿರ ಜಗಳ. ಎಲ್ಲವನ್ನೂ ಬಳಿದು ಚೀಲಕ್ಕೆ ತುಂಬಿ, ಊರಾಚೆಯ ತಿಪ್ಪೆಗೆ ಸುರಿದು ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು.

ಗಂಡ ಗುರುಪಾದ ಬಾಗಿಲಲ್ಲೇ ತಡೆದ. "ಮಂದಿ ಗದ್ದಲಾ ಎಲ್ಲಾ ಹೊರಗ ಝಾಡಿಸಿ ಬಾ. ನಿನ್ನೆ ನೀ ತಂದ ಜಗಳ ಇನ್ನೂ ಒಲಿ ಹಿಂದ ಗೊಣಗಾಕತ್ತೈತಿ."

ಅವಳು ಅಂಗಳಕ್ಕಿಳಿದು ಸೀರೆ ಕೊಡವಿದಳು. ಒಂದು ಸೀಟಿ ಬಿತ್ತು, ಯಾರದೋ ಕೆಮ್ಮು ಬಿತ್ತು. ಸೆರಗು ಎತ್ತಿದಾಗ ಅದರ ಮಡಿಕೆಯಿಂದ ಕೂಸಿನ ಅಳು ಕೇಳಿಸಿತು.

ಚಮಚ ಬಿದ್ದರೂ ಸಿಡುಕುವ ಗುರುಪಾದ ಹೊಸ್ತಿಲು ದಾಟಿ ಅವಳ ಹತ್ತಿರ ಬಂದ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನೆಯ ಯಾವ ಮೂಲೆಯಲ್ಲೂ ಅಂಥ ಸದ್ದು ಸಿಕ್ಕಿರಲಿಲ್ಲ.

"ಅದನ್ನ ಝಾಡಿಸಬ್ಯಾಡ," ಎಂದ.

"ರಾತ್ರಿಯೆಲ್ಲಾ ಅಳತೈತ್ರಿ. ನನಗ ಕಣ್ಣ ತೆರ್ಯಾಕೂ ತ್ರಾಣಿಲ್ಲ."

"ನೀ ಮಲಗು. ನಾ ಎದ್ದಿರ್ತೀನಿ."

ಫಕೀರವ್ವ ಬೇರೆ ಸೀರೆ ಉಟ್ಟು ಚಾಪೆಯ ಮೇಲೆ ಒರಗಿದಳು. ಕಣ್ಣು ಮುಚ್ಚುವ ಮೊದಲು ಒಮ್ಮೆ ತಿರುಗಿ ನೋಡಿದಳು. ಗುರುಪಾದ ಅವಳ ಮಾಸಿದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಮೆಲ್ಲಗೆ ತಟ್ಟುತ್ತ, ಅತ್ತಿಂದಿತ್ತ ನಡೆದಾಡುತ್ತಿದ್ದ.